ಟೈಪಕ್ಕನ ಒಳಗಂಟು

ಸಾಕ್ಷಿ ಹೇಳುತ್ತಿದ್ದವನು ಒಂದು ಗೋಡೆಯ ವಿಷಯ ಹೇಳುತ್ತಿದ್ದ. ಗೋಡೆ ಯಾರದ್ದು, ಯಾವಾಗ ಕಟ್ಟಿದ್ದು, ಕಟ್ಟುವಾಗ ಪಕ್ಕದ ಮನೆಯವನು ಎಲ್ಲಿ ನಿಂತಿದ್ದ ಎಂದು ವಕೀಲರು ಕೆದಕಿ ಕೆದಕಿ ಕೇಳುತ್ತಿದ್ದರು. ನ್ಯಾಯಾಧೀಶರ ಪೀಠದ ಕೆಳಗಿನ ಮೇಜಿನಲ್ಲಿ ಕೂತು ಅದನ್ನೆಲ್ಲ ಟೈಪು ಮಾಡುತ್ತಿದ್ದವಳು ಬೆರಳು ನಿಲ್ಲಿಸಿ ಬಲಗೈ ಎತ್ತಿದಳು. ಬೆಳಗ್ಗೆಯಿಂದ ಇದು ಮೂರನೇ ಸಲ. ಗಂಟೆ ಇನ್ನೂ ಹನ್ನೊಂದೂಕಾಲು.

ನ್ಯಾಯಾಧೀಶರು ಕನ್ನಡಕ ತೆಗೆದರು. "ಮತ್ತೆ?"

"ಹೌದು ಸಾರ್."

"ಈಗ ತಾನೇ ಹೋಗಿ ಬಂದ್ರಲ್ಲ?"

"ಬಂದೆ ಸಾರ್. ಮತ್ತೆ ಹೋಗ್ಬೇಕು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಗೋಡೆಯ ಸಾಕ್ಷಿ ಬಾಯಿ ತೆರೆದುಕೊಂಡೇ ನಿಂತ. ಅವಳು ಎದ್ದು, ಯಾರ ಮುಖವನ್ನೂ ನೋಡದೆ, ಬಾಗಿಲು ದಾಟಿ ಹೆಚ್ಚುಕಡಿಮೆ ಓಡಿದಳು.

ಹೆಂಗಸರ ಶೌಚಾಲಯ ಕಾರಿಡಾರಿನ ಆ ತುದಿಯಲ್ಲಿ, ದಾಖಲೆ ಕೋಣೆ ದಾಟಿದ ಮೇಲೆ. ಅದಕ್ಕೆ ಬೀಗ. ಬೀಗದ ಕೈ ದಾಖಲೆ ಕೋಣೆಯ ಗುಮಾಸ್ತರ ಹತ್ತಿರ. ಯಾರೂ ಜೇಬಿಗೆ ಹಾಕಿಕೊಂಡು ಹೋಗದಿರಲಿ ಎಂದು ಆ ಪುಣ್ಯಾತ್ಮರು ಅದನ್ನು ಮೊಳದುದ್ದದ ಹಲಗೆಗೆ ಕಟ್ಟಿದ್ದರು. ಹಲಗೆ ಹಿಡಿದು ಹೋಗುವವರನ್ನು ನೋಡಿದರೆ ಸಾಕು, ಎಲ್ಲಿಗೆ ಹೊರಟಿದ್ದಾರೆ ಎಂದು ಇಡೀ ಕಟ್ಟಡಕ್ಕೆ ಗೊತ್ತಾಗುತ್ತಿತ್ತು. ಅವಳನ್ನಂತೂ ಆ ಹಲಗೆ ಇಲ್ಲದೆ ನೋಡಿದವರೇ ಇತ್ತೀಚೆಗೆ ಕಡಿಮೆ.

ಅವಳಿಗೆ ನಲವತ್ತೆರಡು ವರ್ಷ. ಕೋರ್ಟಿನಲ್ಲಿ ಹದಿನೆಂಟು ವರ್ಷದ ಸರ್ವೀಸು. ಕಿವಿಗೆ ಬಿದ್ದದ್ದು ಬಿದ್ದ ಹಾಗೆ ಕಾಗದಕ್ಕೆ ಇಳಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಸಾಕ್ಷಿ ಕೆಮ್ಮಿದರೆ 'ಕೆಮ್ಮಿದರು' ಎಂದು ಬರೆಯುವಳು ಎಂದು ವಕೀಲರು ತಮಾಷೆ ಮಾಡುತ್ತಿದ್ದರು. ಎಲ್ಲರಿಗೂ ಅವಳು ಟೈಪಕ್ಕ.

ಎರಡು ವರ್ಷದಿಂದ ಟೈಪಕ್ಕನದು ಇದೇ ಪಾಡು. ಅರ್ಧ ಗಂಟೆ ಕೂತರೆ ಹೆಚ್ಚು. ಹೊಟ್ಟೆಯ ಅಡಿಯಲ್ಲಿ ಯಾರೋ ಹೆಬ್ಬೆಟ್ಟು ಇಟ್ಟು ಒತ್ತಿದ ಹಾಗೆ ಆಗುವುದು, ಓಡುವುದು, ಹೋದರೆ ನಾಲ್ಕು ಹನಿ. ವಾಪಸು ಬಂದು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಮತ್ತೆ ಅದೇ ಹೆಬ್ಬೆಟ್ಟು.

ತೋರಿಸಿರಲಿಲ್ಲ ಎಂದಲ್ಲ. ಬೀದಿ ಕೊನೆಯ ಹಳೇ ಡಾಕ್ಟರು ಸೋಂಕು ಎಂದರು, ಮಾತ್ರೆ ಬರೆದರು. ಮೂತ್ರ ಪರೀಕ್ಷೆಯಲ್ಲಿ ಸೋಂಕಿನ ಸುಳಿವೇ ಇರಲಿಲ್ಲ. ಆದರೂ ಇನ್ನೊಂದು ಬಣ್ಣದ ಮಾತ್ರೆ ಬರೆದರು. "ನೀರು ಕಮ್ಮಿ ಕುಡೀರಿ" ಎಂದರು. ಎರಡನೆಯ ಡಾಕ್ಟರು, "ಯಾರ್ರೀ ಹೇಳಿದ್ದು ನೀರು ಕಮ್ಮಿ ಕುಡೀರಿ ಅಂತ? ಜಾಸ್ತಿ ಕುಡೀರಿ" ಎಂದರು. ಜಾಸ್ತಿ ಕುಡಿದ ವಾರ ಅವಳು ಕೋರ್ಟಿಗೆ ರಜೆ ಹಾಕಬೇಕಾಯಿತು. ಮೂರನೆಯವರು ವಯಸ್ಸು ಎಂದರು. ನಾಲ್ಕನೆಯವರು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಮೃದುವಾದ ದನಿಯಲ್ಲಿ, "ಮನಸ್ಸಿಗೆ ಏನಾದ್ರೂ ಟೆನ್ಷನ್ನಾ?" ಎಂದು ಕೇಳಿದರು.

"ಇದೆ ಡಾಕ್ಟ್ರೇ. ಅರ್ಧ ಗಂಟೆಗೊಂದ್ಸಲ ಓಡ್ಬೇಕಲ್ಲ, ಅದೇ ಟೆನ್ಷನ್" ಎಂದಳು.

ಅವರು 'ಮಾನಸಿಕ ಒತ್ತಡ' ಎಂದು ಬರೆದುಕೊಂಡರು.

ಇವರೆಲ್ಲರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಅವಳ ಮೈ. ಹುಟ್ಟಿನಿಂದಲೇ ಅವಳಿಗೆ ಬೆನ್ನು, ತೊಡೆ, ಹೊಟ್ಟೆಯ ಮೇಲೆ ಹಾಲು ಬೆರೆಸಿದ ಕಾಫಿಯ ಬಣ್ಣದ ಮಚ್ಚೆಗಳು. ಹದಿನಾಲ್ಕು ತುಂಬಿದ ಮೇಲೆ ಗಂಟುಗಳು ಶುರುವಾದವು. ಮೆಣಸಿನಕಾಳಿನಷ್ಟು, ಬಟಾಣಿಯಷ್ಟು, ಕುತ್ತಿಗೆಯ ಹಿಂದೆ ಒಂದೆರಡು ದ್ರಾಕ್ಷಿಯಷ್ಟು. ಮುಟ್ಟಿದರೆ ಮೆತ್ತಗೆ, ನೋವಿಲ್ಲ. ನರದ ಹೊದಿಕೆಯಿಂದ ಬೆಳೆಯುವ ಗಂಟುಗಳಿವು, ರಕ್ತದಲ್ಲೇ ಬಂದ ಕಾಯಿಲೆ, ಅಂಟುವುದಿಲ್ಲ, ಕೊಲ್ಲುವುದೂ ಅಪರೂಪ ಎಂದು ಆಗಲೇ ಒಬ್ಬ ಚರ್ಮದ ಡಾಕ್ಟರು ಹೇಳಿದ್ದರು. ಬಂದದ್ದು ಅಪ್ಪನಿಂದ. ಹುಟ್ಟುವ ಪ್ರತಿ ಮಗುವಿಗೂ ಬರುವುದು, ಬಾರದಿರುವುದು ಸಮಸಮ. ಇವಳಿಗೆ ಬಂತು, ತಂಗಿಗೆ ಬರಲಿಲ್ಲ. ಬಸ್ಸಿನಲ್ಲಿ ಇವಳ ಪಕ್ಕದ ಸೀಟು ಕೊನೆಯವರೆಗೂ ಖಾಲಿ ಉಳಿಯುವುದೊಂದೇ ಇದರಿಂದ ಆದ ಲಾಭ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು.

ಡಾಕ್ಟರುಗಳು ಗಂಟು ನೋಡುವರು, ಮುಟ್ಟುವರು, ಎಷ್ಟಿವೆ ಎಂದು ಕೇಳುವರು. ಎಣಿಸಿಲ್ಲ ಎಂದರೆ ಬೇಸರಪಡುವರು. ಹೊರಗೆ ಇಷ್ಟೊಂದು ಇರುವವಳ ಒಳಗೂ ಒಂದು ಇರಬಹುದಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಹೊಳೆದಿರಲಿಲ್ಲ.

ಮನೆಯಲ್ಲಿ ಅವಳು ಮತ್ತು ಅಪ್ಪ ಇಬ್ಬರೇ. ಅಪ್ಪ ಗಡಿಯಾರ ರಿಪೇರಿಯವರು. ಅಂಗಡಿ ಮುಚ್ಚಿ ಒಂಬತ್ತು ವರ್ಷವಾಗಿದ್ದರೂ ಕಿಟಕಿಯ ಬಳಿ ಮೇಜು ಹಾಕಿಕೊಂಡು, ಒಂದು ಕಣ್ಣಿಗೆ ದುರ್ಬೀನು ಸಿಕ್ಕಿಸಿಕೊಂಡು, ಪರಿಚಯದವರ ಕೈಗಡಿಯಾರಗಳನ್ನು ಬಿಚ್ಚಿ ಕೂರುತ್ತಿದ್ದರು. ಮೈತುಂಬ ಗಂಟು. ಎಂಥ ಸೆಕೆಯಲ್ಲೂ ತುಂಬುತೋಳಿನ ಅಂಗಿ, ಕುತ್ತಿಗೆಯ ತನಕ ಗುಂಡಿ. ಹಣೆಯ ಮೇಲಿನವು ಕಾಣದಿರಲಿ ಎಂದು ಟೋಪಿ.

"ನನಗೂ ಹಾಗೇ ಆಗುತ್ತಮ್ಮ. ಹೋಗಿ ಬಂದು, ಹೋಗಿ ಬಂದು" ಎಂದರು ಒಮ್ಮೆ.

"ನಿಂಗೆ ಎಪ್ಪತ್ತೊಂದು ಅಪ್ಪ. ನಂಗೆ ನಲವತ್ತೆರಡು."

"ನಮ್ಮ ವಂಶದ ಮೂತ್ರಕೋಶವೇ ಚಿಕ್ಕದೇನೋ" ಎಂದು ಅವರು ಮತ್ತೆ ದುರ್ಬೀನು ಸಿಕ್ಕಿಸಿಕೊಂಡರು.

ತಂಗಿ ಇನ್ನೊಂದು ಊರಿನಲ್ಲಿ ಶಾಲಾ ಶಿಕ್ಷಕಿ. ದಿನಕ್ಕೆರಡು ಸಲ ಫೋನು ಮಾಡುವಳು, ಮೂರು ವಿಡಿಯೋ ಕಳಿಸುವಳು. ಒಂದರಲ್ಲಿ ಒಬ್ಬಾತ ನೆಲದ ಮೇಲೆ ಮಲಗಿ ಕಾಲೆತ್ತಿ ಉಸಿರು ಹಿಡಿಯುತ್ತಿದ್ದ. "ದಿನಾ ಹತ್ತು ನಿಮಿಷ ಇದನ್ನ ಮಾಡು ಅಕ್ಕಾ, ಕಂಟ್ರೋಲಿಗೆ ಬರುತ್ತೆ."

"ಹತ್ತು ನಿಮಿಷ ಕಾಲೆತ್ತಿ ಮಲಗಿದ್ರೆ ಹಾಸಿಗೆ ಒಗೀಬೇಕಾಗುತ್ತೆ ಕಣೇ."

"ನೀನು ಯಾವುದನ್ನೂ ಮನಸ್ಸಿಟ್ಟು ಮಾಡಲ್ಲ. ಅದೇ ನಿನ್ನ ಪ್ರಾಬ್ಲಮ್ಮು."

ಗೋಡೆಯ ಕೇಸು ನಡೆದ ಮರುವಾರ, ಒಂದು ಬೆಳಗ್ಗೆ, ಹಲಗೆಯನ್ನು ಗೋಡೆಗೊರಗಿಸಿ ಕೂತಿದ್ದವಳು ಎದ್ದು ನೋಡಿದಾಗ ನೀರು ಕೆಂಪಗಿತ್ತು. ಅವಳು ಕೈ ತೊಳೆದು, ಹಲಗೆಯನ್ನು ಗುಮಾಸ್ತರಿಗೆ ಒಪ್ಪಿಸಿ, ಒಳಗೆ ಹೋಗಿ ಹನ್ನೆರಡು ಪುಟ ಟೈಪು ಮಾಡಿದಳು. ಮಧ್ಯಾಹ್ನ ರಜೆ ಚೀಟಿ ಕೊಟ್ಟು, ಮನೆಯಿಂದ ಅಪ್ಪನನ್ನು ಜೊತೆಗೆ ಕರೆದುಕೊಂಡು ದೊಡ್ಡಾಸ್ಪತ್ರೆಗೆ ಹೋದಳು.

ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನು ಮಾಡಬೇಕೆಂದರು. ಸ್ಕ್ಯಾನಿನವನು ಚೀಟಿ ನೋಡಿ, "ಮೂತ್ರಕೋಶ ಫುಲ್ ಇರ್ಬೇಕು. ಒಂದು ಲೀಟರ್ ನೀರು ಕುಡಿದು ಒಂದು ಗಂಟೆ ಹೋಗ್ದೆ ಕೂತಿರಿ" ಎಂದ.

"ಒಂದು ಗಂಟೆ ಹೋಗ್ದೆ ಕೂರೋಕೆ ಆಗಿದ್ರೆ ನಾನು ಇಲ್ಲಿಗ್ಯಾಕೆ ಬರ್ತಿದ್ದೆ?"

"ರೂಲ್ಸು ಮೇಡಂ."

ಅವಳು ಲೀಟರು ಕುಡಿದು ಕೂತಳು. ಇಪ್ಪತ್ತು ನಿಮಿಷಕ್ಕೆ ಓಡಿದಳು. ಬಂದಾಗ ಅವನು ತಲೆಯಾಡಿಸಿ ಇನ್ನೊಂದು ಬಾಟಲಿ ತೋರಿಸಿದ. ಕುಡಿದು, ಕಾಲ ಮೇಲೆ ಕಾಲು ಹಾಕಿ, ಎದುರು ಗೋಡೆಯ ನೋಟಿಸನ್ನು ಏಳು ಸಲ ಓದಿದಳು. ಎಂಟನೇ ಸಲಕ್ಕೆ ಮತ್ತೆ ಓಡಿದಳು. ಮೂರನೇ ಸಲ ಅವನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ನೋಡಪ್ಪಾ, ಇದು ಇಷ್ಟೇ ತುಂಬೋದು. ನನ್ನ ಪಾಲಿಗೆ ಇದೇ ಫುಲ್ಲು. ನೀನು ಮಾಡ್ತೀಯೋ, ಇಲ್ಲ ಈ ಮಂಚದ ಮೇಲೇ ನಾನು..."

ಅವನು ಲಗುಬಗೆಯಿಂದ ಮಷೀನು ಹಚ್ಚಿದ. ಹೊಟ್ಟೆಗೆ ತಣ್ಣಗಿನ ಜೆಲ್ಲು ಸವರಿ, ಮಷೀನಿನ ಹಿಡಿಯನ್ನು ಆಚೆ ಈಚೆ ಜಾರಿಸಿ, ಒಂದು ಕಡೆ ನಿಲ್ಲಿಸಿದ. ಮತ್ತೆ ಅಲ್ಲಿಗೇ ತಂದು ನಿಲ್ಲಿಸಿದ. "ಡಾಕ್ಟ್ರು ಹೇಳ್ತಾರೆ" ಎಂದ. ಈ ಸಲ ಮೇಡಂ ಎನ್ನಲಿಲ್ಲ.

ಮೂತ್ರಕೋಶದ ಗೋಡೆಯಲ್ಲಿ ಗೆಡ್ಡೆ. ನಾಲ್ಕು ಸೆಂಟಿಮೀಟರು. ಮುಂದಿನ ವಾರ ಕೊಳವೆ ಹಾಕಿ ಒಳಗೆ ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ, ಅಲ್ಲಿಯ ತನಕ ಏನೂ ಹೇಳಲಾಗುವುದಿಲ್ಲ ಎಂದರು ಸರ್ಜನ್ನು. ಏನೂ ಹೇಳಲಾಗುವುದಿಲ್ಲ ಎಂದರೆ ಏನು ಎಂದು ಎಲ್ಲರಿಗೂ ಅರ್ಥವಾಯಿತು. ತಂಗಿ ಶಾಲೆಗೆ ರಜೆ ಹಾಕಿ ಬಂದಳು. ಬಾಗಿಲಲ್ಲೇ ಅಳಲು ಶುರುಮಾಡಿದವಳು ಅಡುಗೆಮನೆಯ ತನಕ ಅಳುತ್ತ ಹೋದಳು, ಅಲ್ಲಿ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸತೊಡಗಿದಳು.

"ನಾನಿನ್ನೂ ಸತ್ತಿಲ್ಲ ಕಣೇ. ಉಪ್ಪಿನ ಡಬ್ಬಿ ಇದ್ದ ಕಡೆ ಇರ್ಲಿ ಬಿಡು."

"ನಿಂಗೆ ಎಲ್ಲಾ ತಮಾಷೆ!"

ಅಪ್ಪ ಆ ಎರಡು ವಾರ ದುರ್ಬೀನು ಮುಟ್ಟಲಿಲ್ಲ. ಬಿಚ್ಚಿಟ್ಟ ಒಂದು ಗಡಿಯಾರ ಮೇಜಿನ ಮೇಲೆ ಬಿಚ್ಚಿಟ್ಟ ಹಾಗೇ ಇತ್ತು. ಅದರ ಯಜಮಾನರು ಕೇಳಿಕೊಂಡು ಬಂದರೆ, "ಆಗುತ್ತೆ, ಆಗುತ್ತೆ" ಎಂದು ಬಾಗಿಲಿನಿಂದಲೇ ಕಳಿಸಿದರು.

ಪರೀಕ್ಷೆಯ ಫಲಿತಾಂಶ ಹೇಳಲು ಸರ್ಜನ್ನು ಒಬ್ಬರೇ ಇರಲಿಲ್ಲ. ಕೋಣೆಯ ತುಂಬ ಬಿಳಿ ಕೋಟು, ಎಂಟು ಜನ. ಅವರಲ್ಲಿ ಒಬ್ಬಳು, ಮೂವತ್ತರ ಆಸುಪಾಸಿನ ಡಾಕ್ಟರಮ್ಮ, ಸಂತೋಷ ತಡೆಯಲಾರದೆ ಕಾಲಿನಿಂದ ಕಾಲಿಗೆ ತೂಗುತ್ತಿದ್ದಳು.

"ಕ್ಯಾನ್ಸರ್ ಅಲ್ಲ" ಎಂದರು ಸರ್ಜನ್ನು.

ತಂಗಿ ಮತ್ತೆ ಅತ್ತಳು. ಅಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ನಿಮ್ಮ ಚರ್ಮದ ಮೇಲಿದೆಯಲ್ಲ, ಅದೇ ಥರದ್ದು ಮೂತ್ರಕೋಶದ ಗೋಡೆಯೊಳಗೆ ಬೆಳೆದಿದೆ. ತುಂಬಾ ತುಂಬಾ ಅಪರೂಪ. ನಾನು ಇಪ್ಪತ್ತಾರು ವರ್ಷದಲ್ಲಿ ನೋಡ್ತಿರೋದು ಇದೇ ಮೊದಲು."

"ಇಡೀ ಜಗತ್ತಲ್ಲೇ ವರದಿಯಾಗಿರೋ ಕೇಸು ಕೆಲವೇ ಕೆಲವು!" ಎಂದಳು ಡಾಕ್ಟರಮ್ಮ. ಹೇಳಿದ ಮೇಲೆ ತನ್ನ ದನಿ ತನಗೇ ಕೇಳಿಸಿತೇನೋ, ಕೆಳಗೆ ನೋಡಿದಳು.

"ಸರಿ. ಯಾವಾಗ ತೆಗೀತೀರಿ?" ಎಂದಳು ಟೈಪಕ್ಕ.

ಸರ್ಜನ್ನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಗಂಟು ಗೋಡೆಯ ಮೇಲೆ ಕೂತಿಲ್ಲ, ಗೋಡೆಯೊಳಗೆ ನರಗಳ ಜೊತೆ ಹೆಣೆದುಕೊಂಡಿದೆ. ಪೂರ್ತಿ ತೆಗೆಯುವುದೆಂದರೆ ಮೂತ್ರಕೋಶವನ್ನೇ ತೆಗೆಯಬೇಕು. ಕೆರೆದು ತೆಗೆದರೆ ಮತ್ತೆ ಬೆಳೆಯಬಹುದು. ಕಿಡ್ನಿಗಳು ಚೆನ್ನಾಗಿವೆ, ದಾರಿ ಎಲ್ಲೂ ಕಟ್ಟಿಲ್ಲ, ಜೀವಕ್ಕೆ ಅಪಾಯವಿಲ್ಲ. ಹಾಗಿರುವಾಗ ಅಷ್ಟು ದೊಡ್ಡ ಆಪರೇಷನ್ನು ಬೇಡ.

"ಹಾಗಾದ್ರೆ ಏನ್ಮಾಡ್ತೀರಿ?"

"ನೋಡ್ತಾ ಇರ್ತೀವಿ."

"ಏನನ್ನ?"

"ಅದನ್ನ. ಆರು ತಿಂಗಳಿಗೊಂದು ಸ್ಕ್ಯಾನು. ಬೇಗ ಬೆಳೆದ್ರೆ, ಗುಣ ಬದಲಾಯಿಸಿದ್ರೆ, ಆಗ ಯೋಚನೆ ಮಾಡೋಣ. ಮೂತ್ರಕೋಶ ಸಡಿಲ ಆಗೋಕೆ ಒಂದು ಮಾತ್ರೆ ಕೊಡ್ತೀನಿ. ಬಾಯಿ ಸ್ವಲ್ಪ ಒಣಗುತ್ತೆ."

ಎರಡು ವರ್ಷ, ನಾಲ್ಕು ಡಾಕ್ಟರು, ಏಳು ಬಣ್ಣದ ಮಾತ್ರೆ, ಒಂದು ಕೊಳವೆ. ಕೊನೆಗೆ, ನೋಡ್ತಾ ಇರ್ತೀವಿ. ಅವಳಿಗೆ ನಗಬೇಕೋ ಮೇಜು ಗುದ್ದಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಹೆಬ್ಬೆಟ್ಟು ಒತ್ತಿತು. "ಬಂದೆ" ಎಂದು ಎದ್ದಳು. ಎಂಟು ಬಿಳಿ ಕೋಟುಗಳು ಸರಿದು ದಾರಿ ಬಿಟ್ಟವು.

ಹತ್ತು ದಿನದ ಮೇಲೆ ಡಾಕ್ಟರಮ್ಮ ಫೋನು ಮಾಡಿ ಬರಹೇಳಿದಳು. ಈ ಅಪರೂಪದ ಕೇಸನ್ನು ವೈದ್ಯರ ಪತ್ರಿಕೆಗೆ ಬರೆಯುತ್ತಿದ್ದಾಳೆ, ಹೆಸರು ಹಾಕುವುದಿಲ್ಲ, ಒಪ್ಪಿಗೆಗೆ ಒಂದು ಸಹಿ ಬೇಕು. ಟೈಪಕ್ಕ ಅಪ್ಪನ ಜೊತೆ ಹೋದಳು. ಡಾಕ್ಟರಮ್ಮನ ಕೋಣೆ ಎಂದರೆ ಮೆಟ್ಟಿಲ ಕೆಳಗಿನ ಜಾಗ, ಮೂರು ಕುರ್ಚಿ, ಫೈಲುಗಳ ರಾಶಿ.

"ಇಲ್ಲೊಂದು, ಇಲ್ಲೊಂದು ಹಾಕಿದ್ರೆ ಆಯ್ತು."

"ಓದ್ತೀನಿ."

"ಅದೆಲ್ಲಾ ನಮ್ಮ ಡಾಕ್ಟರುಗಳ ಭಾಷೇಲಿದೆ, ನಿಮಗೆ..."

"ಓದದೇ ಸಹಿ ಹಾಕಿದವರೇ ಅಮ್ಮಾ ನಮ್ಮ ಕೋರ್ಟಿಗೆ ಬರೋದು."

ನಾಲ್ಕು ಪುಟ. ಮೊದಲ ಪುಟದ ಅರ್ಧಕ್ಕೇ ಅವಳು ಪೆನ್ನು ತೆಗೆದಳು. 'ನಲವತ್ತೆರಡು ವರ್ಷದ ಮಹಿಳೆ, ಎರಡು ತಿಂಗಳಿಂದ ಅಲ್ಪ ಪ್ರಮಾಣದ ಮೂತ್ರಬಾಧೆ. ಮಾನಸಿಕ ಒತ್ತಡದ ಹಿನ್ನೆಲೆ ಇದೆ.'

"ಎರಡು ತಿಂಗಳು ಅಂತ ಯಾರು ಹೇಳಿದ್ದು?"

"ಫೈಲಲ್ಲಿ ಹಾಗಿದೆ..."

"ನಾನು ಹೇಳಿದ್ದು ಎರಡು ವರ್ಷ. ಅಲ್ಪ ಪ್ರಮಾಣ ಅಂತ ನಾನು ಅಂದೇ ಇಲ್ಲ. ಅರ್ಧ ಗಂಟೆಗೊಂದ್ಸಲ ಅಂದೆ. ಅರ್ಧ ಗಂಟೆಗೊಂದ್ಸಲ ಅಂತಲೇ ಬರೀರಿ. ಈ ಮಾನಸಿಕ ಒತ್ತಡ ಎಲ್ಲಿಂದ ಬಂತು?"

"ಹಳೇ ಚೀಟಿಗಳಲ್ಲಿ ಇತ್ತು ಮೇಡಂ."

"ಅವರು ಬರೆದ್ರು ಅಂತ ನೀವು ಬರೆದ್ರಿ. ನಾಳೆ ನೀವು ಬರೆದ್ರಿ ಅಂತ ಇನ್ನೊಬ್ಬರು ಬರೀತಾರೆ. ನನ್ನನ್ನ ಕೇಳಿದವರು ಯಾರು?"

ಡಾಕ್ಟರಮ್ಮ ಕೆಂಪಾದಳು. ಪೆನ್ನು ತಗೊಂಡು ಅಂಚಿನಲ್ಲಿ ತಿದ್ದಿಕೊಳ್ಳತೊಡಗಿದಳು. ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಮುಂದೆ ತಾನು ಕೂರುವ ಹಾಗೇ ಇವಳು ಈಗ ತನ್ನ ಮುಂದೆ ಬಗ್ಗಿ ಕೂತದ್ದನ್ನು ನೋಡಿ ಟೈಪಕ್ಕನ ಸಿಟ್ಟು ಒಂದು ಎಳೆ ಇಳಿಯಿತು. ಎರಡನೆಯ ಪುಟಕ್ಕೆ ಬಂದಾಗ ಮತ್ತೆ ಏರಿತು. 'ಕುಟುಂಬದಲ್ಲಿ ಬೇರೆ ಯಾರಿಗೂ ಈ ಕಾಯಿಲೆ ಇರುವುದಿಲ್ಲ.'

ಅವಳು ಪಕ್ಕದ ಕುರ್ಚಿ ನೋಡಿದಳು. ಪಕ್ಕದ ಕುರ್ಚಿಯಲ್ಲಿ ಅಪ್ಪ ಟೋಪಿ, ತುಂಬುತೋಳು, ಗುಂಡಿಗಳ ಸಮೇತ ಕೂತಿದ್ದರು. ಕೈಬೆರಳುಗಳ ಮೇಲಿನ ಗಂಟುಗಳನ್ನು ಮುಚ್ಚಲು ಅವರ ಹತ್ತಿರ ಏನೂ ಇರಲಿಲ್ಲ.

"ಇದನ್ನ ಯಾರು ಹೇಳಿದ್ದು?"

ಡಾಕ್ಟರಮ್ಮ ಫೈಲು ತಿರುವಿದಳು. "ಮೊದಲನೇ ದಿನ ಕೌಂಟರಿನಲ್ಲಿ ಬರ್ಕೊಂಡಿದ್ದು. ಮಾಹಿತಿ ಕೊಟ್ಟವರು... ತಂದೆ."

ಆ ದಿನ ಅವಳಿಗೆ ನೆನಪಾಯಿತು. ಕೌಂಟರಿನ ಮುಂದೆ ನಿಂತಿದ್ದಾಗಲೇ ಓಡಬೇಕಾಗಿ ಬಂದು, "ಅಪ್ಪಾ, ಅವರು ಕೇಳಿದ್ದು ಹೇಳು" ಎಂದು ಹೋಗಿದ್ದಳು.

"ಅಪ್ಪಾ. ಮನೇಲಿ ಯಾರಿಗೂ ಇಲ್ಲ ಅಂದ್ಯಾ?"

ಅಪ್ಪ ಟೋಪಿಯ ಅಂಚು ಮುಟ್ಟಿಕೊಂಡರು. "ನಂದು ಕಾಯಿಲೆ ಅಂತ ಯಾರು ಹೇಳಿದ್ರು? ನಂಗೆ ಯಾವತ್ತೂ ಏನೂ ಆಗಿಲ್ಲ."

"ಅಪ್ಪಾ!"

"ಅವನು ಗಟ್ಟಿಯಾಗಿ ಕೇಳ್ದ ಕಣಮ್ಮ. ಹಿಂದೆ ಸಾಲು ನಿಂತಿತ್ತು. ಯಾರಿಗಿದೆ, ಯಾರಿಂದ ಬಂತು ಅಂತ. ನಾನು..." ಅವರು ಕೈಬೆರಳುಗಳನ್ನು ಮಡಿಚಿಕೊಂಡರು. "ನಾನೇ ಕೊಟ್ಟಿದ್ದು ಅಂತ ಅಷ್ಟು ಜನದ ಮುಂದೆ ಹೇಗೆ ಹೇಳ್ಲಿ? ನೀನು ಆ ಬೀಗದ ಕೈ ಹಿಡ್ಕೊಂಡು ಓಡೋದನ್ನ ನಾನು ಒಂದ್ಸಲ ನೋಡಿದೀನಿ. ಊಟ ಕೊಡೋಕೆ ಬಂದಿದ್ದೆನಲ್ಲ, ಆವತ್ತು. ಕರೀಲೂ ಇಲ್ಲ. ಡಬ್ಬಿ ಇಟ್ಟು ಬಂದ್ಬಿಟ್ಟೆ."

ಟೈಪಕ್ಕನಿಗೆ ರೇಗಿತು. "ಬೇಕೂಂತ ಕೊಟ್ಯಾ? ಈ ಮೂಗೂ ನೀನೇ ಕೊಟ್ಟಿದ್ದು. ಅದಕ್ಕೂ ಒಂದು ಕೇಸು ಹಾಕ್ಲಾ? ಎಪ್ಪತ್ತೊಂದು ವರ್ಷ ಗುಂಡಿ ಹಾಕ್ಕೊಂಡು ಕೂತ್ಕೊಂಡ್ರೆ ಏನು ಬಂತು? ನೀನು ಒಂದು ಮಾತು ಹೇಳಿದ್ರೆ ಇವರು ನಿನ್ನನ್ನೂ ನೋಡ್ತಿದ್ರು. ನೀನೂ ಹೋಗಿ ಬಂದು, ಹೋಗಿ ಬಂದು ಮಾಡ್ತಿದೀಯಲ್ಲ, ಎಷ್ಟು ವರ್ಷ ಆಯ್ತು?"

"ಒಂದು... ಆರು ವರ್ಷ."

"ಆರು ವರ್ಷ!" ಎಂದಳು ಡಾಕ್ಟರಮ್ಮ. ಅವಳ ಕಣ್ಣಲ್ಲಿ ಆ ಹೊಳಪು ಮತ್ತೆ ಬಂತು. ಅಪರೂಪಕ್ಕೆ ಅಪರೂಪ, ಅಪ್ಪ ಮಗಳು ಇಬ್ಬರಿಗೂ ಇದ್ದರೆ! ಟೈಪಕ್ಕ ಅವಳನ್ನು ದುರುಗುಟ್ಟಿ ನೋಡಿದಳು. ಹೊಳಪು ಆರಿತು. ಆದರೆ ಸ್ಕ್ಯಾನಿನ ಚೀಟಿ ಅಲ್ಲೇ ಬರೆಯಲಾಯಿತು.

ಅಪ್ಪ ಒಂದೇ ಸಲಕ್ಕೆ ಲೀಟರು ಕುಡಿದು, ಗಂಟೆ ಹಿಡಿದು ಕೂತು, ಸ್ಕ್ಯಾನಿನವನಿಂದ ಶಭಾಷ್ ಅನ್ನಿಸಿಕೊಂಡರು. ಫಲಿತಾಂಶ ಅರ್ಧ ಗಂಟೆಯಲ್ಲೇ ಬಂತು. ಮೂತ್ರಕೋಶದಲ್ಲಿ ಗಂಟೂ ಇಲ್ಲ, ಗೆಡ್ಡೆಯೂ ಇಲ್ಲ. ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿದೆ, ಆ ವಯಸ್ಸಿನ ಗಂಡಸರಲ್ಲಿ ಬಹಳ ಜನಕ್ಕೆ ಆಗುವ ಹಾಗೆ. ಮಾತ್ರೆಗೆ ಬಗ್ಗುತ್ತದೆ.

"ಅಂದ್ರೆ ನಂದು ಬರೀ ಮುದುಕರದ್ದು?" ಎಂದು ಅಪ್ಪ ಎರಡು ಸಲ ಕೇಳಿದರು.

"ಬರೀ ಮುದುಕರದ್ದು ಸಾರ್."

ಬಸ್ಸಿನಲ್ಲಿ ಮನೆಗೆ ಬರುವಾಗ ಅಪ್ಪ ಕತ್ತಿನ ಮೇಲಿನ ಒಂದು ಗುಂಡಿ ಬಿಚ್ಚಿ ಕೂತಿದ್ದರು. ಸೆಕೆಗೋ ಬೇರೆ ಕಾರಣಕ್ಕೋ ಅವಳು ಕೇಳಲಿಲ್ಲ.

ತಿದ್ದಿದ ಪುಟಗಳು ಮರುವಾರ ಬಂದವು. ಎರಡು ವರ್ಷ ಎರಡು ವರ್ಷವಾಗಿತ್ತು, ಮಾನಸಿಕ ಒತ್ತಡ ಹೋಗಿತ್ತು, ತಂದೆಗೂ ಇದೇ ಕಾಯಿಲೆ ಇದೆ ಎಂದಿತ್ತು. ನಾಲ್ವರು ವೈದ್ಯರು ಗಂಟು ನೋಡಿಯೂ ಮೂತ್ರಕೋಶದ ಸ್ಕ್ಯಾನು ಮಾಡಿಸಿರಲಿಲ್ಲ ಎಂಬ ಹೊಸ ವಾಕ್ಯ ಸೇರಿತ್ತು. ಸರ್ಜನ್ನು ಅದನ್ನು ಹೊಡೆದು ಹಾಕಿದ್ದರಂತೆ. ಡಾಕ್ಟರಮ್ಮ ಜಗಳವಾಡಿ ಉಳಿಸಿಕೊಂಡಿದ್ದಳು. ಟೈಪಕ್ಕ ಎರಡು ಕಡೆಯೂ ಸಹಿ ಹಾಕಿದಳು.

ಹೊಸ ಮಾತ್ರೆ ಅರ್ಧ ಗಂಟೆಯನ್ನು ಐವತ್ತು ನಿಮಿಷಕ್ಕೆ ಏರಿಸಿತು, ಬಾಯಿಯನ್ನು ಮರಳು ಮಾಡಿತು. ಅವಳು ಆಸ್ಪತ್ರೆಯ ಪತ್ರ ತೆಗೆದುಕೊಂಡು ನ್ಯಾಯಾಧೀಶರ ಕೋಣೆಗೆ ಹೋದಳು. ಅವರು ಕನ್ನಡಕ ಹಾಕಿಕೊಂಡು ಕಾಯಿಲೆಯ ಉದ್ದನೆಯ ಹೆಸರನ್ನು ತುಟಿ ಆಡಿಸಿ ಓದಿದರು.

"ಇದು ಅಂಟೋದಾ?"

"ಹದಿನೆಂಟು ವರ್ಷದಿಂದ ಈ ಪೀಠದ ಮುಂದೇ ಕೂತಿದೀನಿ ಸಾರ್. ಅಂಟೋದಾಗಿದ್ರೆ ಇಷ್ಟು ಹೊತ್ತಿಗೆ ಅಂಟಿರ್ತಿತ್ತು."

ಅವರು ತಮ್ಮ ಕೈ ನೋಡಿಕೊಂಡರು. "ಏನ್ ಮಾಡ್ಬೇಕು ಅಂತೀರಿ?"

"ಮುಕ್ಕಾಲು ಗಂಟೆಗೊಂದ್ಸಲ ಹತ್ತು ನಿಮಿಷ ಬಿಡುವು ಕೊಡಿ."

"ಕೋರ್ಟು ನಿಮ್ಮ ಮೂತ್ರಕೋಶದ ಪ್ರಕಾರ ನಡೀಬೇಕಾ?"

"ಈಗಲೂ ಅದರ ಪ್ರಕಾರವೇ ನಡೀತಿದೆ ಸಾರ್. ಹೊತ್ತು ಗೊತ್ತು ಮಾಡಿದ್ರೆ ಶಿಸ್ತಾಗಿ ನಡೆಯುತ್ತೆ."

ಅವರು ಒಂದು ತಿಂಗಳು ನೋಡೋಣ ಎಂದರು. ಮೊದಲ ದಿನ ವಕೀಲರು ಗೊಣಗಿದರು, ವಾದದ ಓಟ ಕೆಡುತ್ತದೆ ಎಂದರು. ಮೂರನೆಯ ದಿನಕ್ಕೆ ಮುಕ್ಕಾಲು ಗಂಟೆ ಆಗುತ್ತಲೇ ಅವರೇ ಗಡಿಯಾರ ನೋಡತೊಡಗಿದರು. ಬಿಡುವು ಎಂದೊಡನೆ ಗಂಡಸರ ಶೌಚಾಲಯದ ಮುಂದೆ ಸಾಲು, ಸಾಲಿನ ಮುಂದೆ ನ್ಯಾಯಾಧೀಶರು. ಒಬ್ಬ ಹಿರಿಯ ವಕೀಲರು ಅವಳ ಮೇಜಿನ ಬಳಿ ಬಂದು ಪಿಸುಗುಟ್ಟಿದರು: "ಇಪ್ಪತ್ತು ವರ್ಷದಿಂದ ಬಾಯಿ ಬಿಟ್ಟು ಕೇಳೋಕಾಗದೆ ಕೂತಿದ್ದೆ ತಾಯಿ."

"ಕೇಳ್ಬಹುದಿತ್ತಲ್ಲ ಸಾರ್? ಬೇರೆಯವರ ವಿಷಯ ಅಷ್ಟೊಂದು ಕೇಳ್ತೀರಿ" ಎಂದಳು ಅವಳು. ತಿಂಗಳ ಗಡುವನ್ನು ಆಮೇಲೆ ಯಾರೂ ನೆನಪಿಸಲಿಲ್ಲ.

ಆರು ತಿಂಗಳ ಸ್ಕ್ಯಾನಿನಲ್ಲಿ ಗಂಟು ಇದ್ದಷ್ಟೇ ಇತ್ತು. ನೋಡ್ತಾ ಇರ್ತೀವಿ ಎಂದರು ಸರ್ಜನ್ನು. ನೋಡ್ತಾ ಇರಿ ಎಂದಳು. ಹೊರಗೆ ಡಾಕ್ಟರಮ್ಮ ಕಾಯುತ್ತಿದ್ದಳು. ಬರಹ ಅಚ್ಚಾಗಿದೆ, ಅದನ್ನು ಓದಿ ದೂರದ ಊರಿನ ಒಬ್ಬ ಡಾಕ್ಟರು ಬರೆದಿದ್ದಾರೆ, ಅವರ ಹತ್ತಿರ ಮೈಮೇಲೆ ಗಂಟಿರುವ ಒಬ್ಬ ಹೆಂಗಸು ಬರುತ್ತಾಳಂತೆ, ನಾಲ್ಕು ವರ್ಷದಿಂದ ಇದೇ ಬಾಧೆಯಂತೆ. ಸ್ಕ್ಯಾನು ಮಾಡಿಸಿದರೆ ಅದೇ. "ಅವರು ನಿಮ್ಮ ಜೊತೆ ಮಾತಾಡ್ಬೇಕಂತೆ. ನಿಮಗೆ ಇಷ್ಟ ಇದ್ರೆ ಮಾತ್ರ."

ಭಾನುವಾರ ಮಧ್ಯಾಹ್ನ ಟೈಪಕ್ಕ ಆ ನಂಬರಿಗೆ ಫೋನು ಮಾಡಿದಳು. ಅಪ್ಪ ಕಿಟಕಿಯ ಮೇಜಿನಲ್ಲಿದ್ದರು. ಆ ಕಡೆಯ ಹೆಂಗಸು ಬೇಕರಿಯೊಂದರಲ್ಲಿ ಬ್ರೆಡ್ಡು ಕತ್ತರಿಸುವ ಮಷೀನು ನಡೆಸುವವಳಂತೆ. ದನಿ ಗಟ್ಟಿ, ಮಾತು ಬಿರುಸು.

"ನಿಮಗೂ ಟೆನ್ಷನ್ ಅಂದ್ರಾ?"

"ಅಂದ್ರು."

"ನೀರು ಕಮ್ಮಿ ಕುಡೀರಿ ಅಂದ್ರಾ?"

"ಜಾಸ್ತಿನೂ ಕುಡೀರಿ ಅಂದ್ರು."

"ನಂಗೆ ಗಂಡನ ಜೊತೆ ಜಗಳಾನಾ ಅಂತ ಕೇಳಿದ್ರು ಕಣ್ರೀ. ಗಂಡ ಸತ್ತು ಐದು ವರ್ಷ ಆಯ್ತು! ಯಾರ ಜೊತೆ ಜಗಳ ಆಡ್ಲಿ ನಾನು? ಮೊನ್ನೆ ಕೆಲಸದಲ್ಲಿ ಮಷೀನು ನಿಲ್ಲಿಸಿ ಓಡಿದ್ದಕ್ಕೆ ಮೇಸ್ತ್ರಿ... ಅಯ್ಯೋ, ಒಂದ್ನಿಮಿಷ ಇರಿ, ಇಡ್ಬೇಡಿ, ಬಂದೆ!"

ಫೋನು ಮೇಜಿನ ಮೇಲೆ ಬಿದ್ದ ಸದ್ದು. ಓಡುವ ಚಪ್ಪಲಿಯ ಸದ್ದು. ಬಾಗಿಲು. ಟೈಪಕ್ಕ ಫೋನು ಕಿವಿಗಿಟ್ಟುಕೊಂಡು ಕೂತಳು. ಆ ಕಡೆ ಯಾರದೋ ಮನೆಯ ಫ್ಯಾನು ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಚಪ್ಪಲಿ ವಾಪಸಾಯಿತು.

"ನಾಲ್ಕು ಹನಿ!" ಎಂದಿತು ದನಿ, ಏದುಸಿರು ಬಿಡುತ್ತ. "ಇಷ್ಟಕ್ಕೆ ಅಷ್ಟು ರಂಪ! ಎಲ್ಲಿದ್ವಿ?"

"ಮೇಸ್ತ್ರಿ" ಎಂದಳು ಟೈಪಕ್ಕ. "ಮಷೀನು ನಿಲ್ಲಿಸಿ ಓಡಿದ್ದಕ್ಕೆ ಮೇಸ್ತ್ರಿ, ಅಲ್ಲಿಗೆ ನಿಲ್ಲಿಸಿದ್ರಿ."

"ಹಾಂ, ಆ ಮೇಸ್ತ್ರಿ ಏನಂದ ಗೊತ್ತಾ..."

"ಒಂದ್ನಿಮಿಷ" ಎಂದಳು ಟೈಪಕ್ಕ, ಎದ್ದು ನಿಲ್ಲುತ್ತ. "ಈಗ ನೀವು ಇರಿ."

ಅವತ್ತು ಫೋನು ಒಂದೂವರೆ ಗಂಟೆ ನಡೆಯಿತು. ಅದರಲ್ಲಿ ಮಾತು ಸುಮಾರು ಒಂದು ಗಂಟೆ.